ಜಾಝ್‌ಗೂ ಸಮಾಜಸೇವೆಗೂ ಏನ್ರೀ ಸಂಬಂಧ?

ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಹಿರಿಯರಿದ್ದಾರೆ. ವಾರವಿಡೀ ಝೋಪಡಪಟ್ಟಿಯ ಮಕ್ಕಳ ಜೊತೆ ಕೆಲಸ, ಭಾನುವಾರ ಸ್ಯಾಕ್ಸೋಫೋನ್. ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು ಕೇಳೇಬಿಟ್ಟರು: "ಸೇವೆ ಸರಿ ಅಂಕಲ್, ಈ ಪೀಪಿ ಯಾಕೆ?" ಎರಡೂ ಬೇರೆ ಬೇರೆ ಅಂತ ನನಗೇನೂ ಅನಿಸೋದಿಲ್ಲ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಶಿಕಾಗೋಗೆ ಹೋಗಿ ಬರೋಣ.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅಲ್ಲಿ ಹಲ್ ಹೌಸ್ ಶುರು ಮಾಡಿದರು. ದಾನ ಕೊಟ್ಟು ಕೈತೊಳೆದುಕೊಳ್ಳೋದಲ್ಲ, ವಲಸೆ ಬಂದ ಬಡವರ ಬೀದಿಯಲ್ಲೇ ಹೋಗಿ ವಾಸ ಮಾಡೋದು. ಶಿಶುವಿಹಾರ, ರಾತ್ರಿ ತರಗತಿ, ಜೊತೆಗೆ ಸಂಗೀತ ಶಾಲೆ, ಹುಡುಗರ ಬ್ಯಾಂಡು. ಆ ಬ್ಯಾಂಡಿಗೆ ಒಬ್ಬ ದರ್ಜಿಯ ಮಗ ಸೇರಿದ. ಹನ್ನೆರಡು ಮಕ್ಕಳ ಮನೆ. ಅದಕ್ಕೂ ಮೊದಲು ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಅಣ್ಣಂದಿರ ಜೊತೆ ಪಾಠಕ್ಕೆ ಹೋದಾಗ ದೊಡ್ಡವನ ಕೈಗೆ ಟ್ಯೂಬಾ, ಇನ್ನೊಬ್ಬನಿಗೆ ಟ್ರಂಪೆಟ್, ಸಣ್ಣವನು ಅಂತ ಇವನಿಗೆ ಕ್ಲಾರಿನೆಟ್. ಹೀಗೆ ಬಂದವರು ಬೆನ್ನಿ ಗುಡ್‌ಮನ್. ಬಿಳಿಯರೂ ಕಪ್ಪು ಜನರೂ ಒಂದೇ ವೇದಿಕೆ ಹತ್ತೋದು ಅಪರೂಪವಾಗಿದ್ದ ಕಾಲ ಅದು. 1936ರಲ್ಲಿ ಗುಡ್‌ಮನ್ ಅದೇ ಶಿಕಾಗೋದಲ್ಲಿ ಕಪ್ಪು ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಅವರ ಜೊತೆ ಜನರೆದುರು ನುಡಿಸಿದರು.

ಕಂಪನಿಗಳ ಸಿಎಸ್‌ಆರ್ ಫಾರ್ಮಿನಲ್ಲಿ "ಫಲಿತಾಂಶ" ಅಂತ ಒಂದು ಕಾಲಂ ಇರುತ್ತೆ. ಅಲ್ಲಿ "ಹುಡುಗರಿಗೆ ಬ್ಯಾಂಡ್ ಕಲಿಸಿದೆವು" ಅಂತ ಬರೆದಿದ್ದರೆ ದುಡ್ಡು ಸಿಗ್ತಿತ್ತಾ? ನನಗಂತೂ ಅನುಮಾನ.

ಈಗ ಮುಂಬೈಗೆ ವಾಪಸ್ ಬರೋಣ. ಶಿಕಾಗೋದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ 1920ರ ದಶಕದಲ್ಲಿ ಅದೇ ಮಾದರಿಯ ನೇಬರ್‌ಹುಡ್ ಹೌಸನ್ನು ನಾಗಪಾಡಾದಲ್ಲಿ ಕಟ್ಟಿದರು. 1936ರಲ್ಲಿ ಅಲ್ಲಿ ಶುರುವಾದ ಸಮಾಜಕಾರ್ಯ ಶಾಲೆಯೇ ಇವತ್ತಿನ ಟಿಸ್. ಮೊದಲ ನಿರ್ದೇಶಕರೂ ಅವರೇ. ಅದಕ್ಕೆ ಒಂದು ವರ್ಷ ಮೊದಲು ಲಿಯಾನ್ ಆಬಿಯ ಬ್ಯಾಂಡು ತಾಜ್ ಹೋಟೆಲಿಗೆ ಜಾಝ್ ತಂದಿತ್ತು. ಆಮೇಲೆ ಶಿಕಾಗೋದಲ್ಲಿ ಹೆಸರು ಮಾಡಿದ್ದ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಕೂಡ ಬಂದರು. ಎರಡೂ ಒಂದೇ ಊರಿಗೆ ಬಂದವು, ಆದರೆ ಒಂದು ಬಾಲ್‌ರೂಮ್ ಸೇರಿತು, ಇನ್ನೊಂದು ನಾಗಪಾಡಾದಲ್ಲೇ ಉಳಿಯಿತು.

ಹಾಗಾದರೆ ನಮ್ಮ ಹಲ್ ಹೌಸ್ ಬ್ಯಾಂಡ್ ಎಲ್ಲಿತ್ತು? ಗೋವಾದಲ್ಲಿ! ಅಲ್ಲಿನ ಚರ್ಚಿನ ಶಾಲೆಗಳಲ್ಲಿ ಹಳ್ಳಿ ಹುಡುಗರಿಗೆ ನೊಟೇಶನ್ ಓದೋದು, ಪಿಟೀಲು ನುಡಿಸೋದು ಕಲಿಸ್ತಿದ್ದರು. ಉದ್ದೇಶ ಪ್ರಾರ್ಥನೆ, ಸಿಕ್ಕಿದ್ದು ಕಸುಬು. ಮುಂಬೈಗೆ ಬಂದರೆ ಊರಿನವರದೇ ಕುಡ್ಡ್ ಇರ್ತಿತ್ತು. ಕುಡ್ಡ್ ಅಂದರೆ ಒಂದೊಂದು ಹಳ್ಳಿಯವರು ಸೇರಿ ನಡೆಸುವ ವಸತಿ ಕ್ಲಬ್ಬು: ಕಮ್ಮಿ ದುಡ್ಡಿಗೆ ಒಂದು ಪೆಟ್ಟಿಗೆ ಇಡೋಕೆ, ಮಲಗೋಕೆ ಜಾಗ. ಕೆಲಸ ಸಿಗೋವರೆಗೆ ಅದೇ ಆಸರೆ. ಹೀಗೆ ಗೋವಾದಿಂದ ಬಂದವರು ಹೋಟೆಲುಗಳ ಜಾಝ್ ಬ್ಯಾಂಡಿಗೂ, ಅಲ್ಲಿಂದ ಸಿನಿಮಾ ಸ್ಟುಡಿಯೋಗೂ ಹೋದರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಹಾಗೇ ಸಿ. ರಾಮಚಂದ್ರ ಅವರ ಜೊತೆ ಸೇರಿದ್ದು. 1951ರ 'ಅಲ್ಬೇಲಾ' ಹಾಡುಗಳನ್ನು ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಹಿಂದಿನಿಂದ ಬರುವ ಬ್ರಾಸ್ ಕಡೆ ಗಮನ ಕೊಡಿ.

ಈ ವಾದಕರಿಗೆ ನೊಟೇಶನ್ ಬರೆದುಕೊಡ್ತಿದ್ದ ಅರೇಂಜರ್‌ಗಳ ಕಥೆಯೇ ಬೇರೆ. ಅದು ಮುಂದಿನ ವಿಡಿಯೋದಲ್ಲಿ.