ಡಿಜಿಟಲ್ ವಿನ್ಯಾಸ ಮತ್ತು ವ್ಯಾಪಾರಧರ್ಮ

ತೂಕದ ತಕ್ಕಡಿ ಗ್ರಾಹಕನ ಕಣ್ಣಿಗೆ ಕಾಣುವಂತಿರಬೇಕೆಂಬುದು ವ್ಯಾಪಾರದ ಹಳೆಯ ನಿಯಮ. ಅಂತರ್ಜಾಲದ ಮಾರಾಟದಲ್ಲಿ ಆ ತಕ್ಕಡಿಯ ಸ್ಥಾನ ಜಾಲತಾಣದ ವಿನ್ಯಾಸಕ್ಕೆ ಸಲ್ಲುತ್ತದೆ. ಬೆಲೆಯನ್ನು ಎಲ್ಲಿ ತೋರಿಸಲಾಗಿದೆ, ಯಾವ ಗುಂಡಿ ಎದ್ದು ಕಾಣುತ್ತದೆ, ಯಾವ ಚೌಕದಲ್ಲಿ ಮೊದಲೇ ಗುರುತು ಹಾಕಲಾಗಿದೆ ಎಂಬ ಸಣ್ಣ ಸಂಗತಿಗಳೂ ಗ್ರಾಹಕನ ತೀರ್ಮಾನವನ್ನು ರೂಪಿಸುತ್ತವೆ. ಅನೇಕರು ಪರದೆಯ ಮೇಲಿನ ಬರಹವನ್ನು ಪೂರ್ತಿಯಾಗಿ ಓದುವುದಿಲ್ಲ. ಮೊದಲೇ ಆಯ್ಕೆಯಾಗಿರುವುದನ್ನು ಬದಲಿಸುವ ಗೋಜಿಗೂ ಹೋಗುವುದಿಲ್ಲ.

ಈ ಮಾನವ ಸ್ವಭಾವವನ್ನು ದುರುಪಯೋಗಪಡಿಸಿಕೊಳ್ಳುವ ವಿನ್ಯಾಸಗಳಿಗೆ ಬ್ರಿಟನ್ನಿನ ವಿನ್ಯಾಸತಜ್ಞ ಹ್ಯಾರಿ ಬ್ರಿಗ್ನಲ್ ಅವರು 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ವಯ 2023ರ ನವೆಂಬರ್ 30ರಂದು ಇವುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿ, ಇಂತಹ 13 ಬಗೆಗಳನ್ನು ಪಟ್ಟಿ ಮಾಡಿತು. ಇವು ಬೃಹತ್ ಇ-ವಾಣಿಜ್ಯ ಸಂಸ್ಥೆಗಳಿಗಷ್ಟೇ ಸೀಮಿತವಲ್ಲ. ಜಾಹೀರಾತುದಾರರಿಗೂ ಮಾರಾಟಗಾರರಿಗೂ ಅನ್ವಯಿಸುತ್ತವೆ. ಆದುದರಿಂದ ಸ್ವಂತ ಜಾಲತಾಣದಲ್ಲಿ ಸರಕು ಮಾರುವ ಸಣ್ಣ ಉದ್ಯಮಿಯೂ ಇವುಗಳನ್ನು ತಿಳಿದಿರುವುದು ಅವಶ್ಯ.

ಪಟ್ಟಿಯಲ್ಲಿನ ಕೆಲವು ಬಗೆಗಳು ಹೀಗಿವೆ:

1. ಸುಳ್ಳು ತುರ್ತು: ದಾಸ್ತಾನು ಸಾಕಷ್ಟಿದ್ದರೂ ‘ಎರಡೇ ಉಳಿದಿವೆ’ ಎಂದು ಅವಸರಪಡಿಸುವುದು.
2. ಬುಟ್ಟಿಗೆ ನುಸುಳಿಸುವುದು: ಗ್ರಾಹಕನ ಒಪ್ಪಿಗೆಯಿಲ್ಲದೆ ವಿಮೆ, ದೇಣಿಗೆ ಮುಂತಾದವುಗಳನ್ನು ಬಿಲ್ಲಿಗೆ ಸೇರಿಸುವುದು.
3. ಹಂತಹಂತವಾಗಿ ಬೆಲೆ ಏರಿಸುವುದು: ಆರಂಭದಲ್ಲಿ ಕಡಿಮೆ ದರ ತೋರಿಸಿ, ಇತರ ಶುಲ್ಕಗಳನ್ನು ಕೊನೆಯಲ್ಲಿ ಬಹಿರಂಗಪಡಿಸುವುದು.
4. ಚಂದಾ ಬಲೆ: ಸೇರುವುದನ್ನು ಸುಲಭಗೊಳಿಸಿ, ರದ್ದುಪಡಿಸುವ ದಾರಿಯನ್ನು ಮರೆಮಾಡುವುದು.
5. ನಾಚಿಕೆಪಡಿಸುವುದು: ‘ಬೇಡ’ ಎನ್ನುವ ಗ್ರಾಹಕನಲ್ಲಿ ಅಪರಾಧಭಾವ ಅಥವಾ ಭಯ ಹುಟ್ಟಿಸುವ ಪದಗಳನ್ನು ಬಳಸುವುದು.

ಇದರರ್ಥ ಮಾರಾಟದ ಪ್ರಚಾರವೇ ನಿಷಿದ್ಧವೆಂದಲ್ಲ. ದಾಸ್ತಾನು ನಿಜವಾಗಿಯೂ ಕಡಿಮೆಯಿದ್ದರೆ ಹಾಗೆಂದು ತಿಳಿಸುವುದು ಗ್ರಾಹಕನಿಗೆ ಉಪಕಾರವೇ. ಖರೀದಿಯ ಸಮಯದಲ್ಲಿ ತಿಳಿಸಿರುವ ಅಗತ್ಯ ಶುಲ್ಕವನ್ನಾಗಲಿ, ಉಚಿತ ಮಾದರಿಯನ್ನಾಗಲಿ ಸೇರಿಸುವುದನ್ನು ಮಾರ್ಗಸೂಚಿಗಳು ‘ನುಸುಳಿಸುವಿಕೆ’ ಎಂದು ಪರಿಗಣಿಸುವುದಿಲ್ಲ. ತಾನು ಏನನ್ನು, ಎಷ್ಟಕ್ಕೆ, ಯಾವ ಷರತ್ತಿನ ಮೇಲೆ ಕೊಳ್ಳುತ್ತಿದ್ದೇನೆಂಬುದು ಹಣ ಪಾವತಿಗೆ ಮುನ್ನ ಗ್ರಾಹಕನಿಗೆ ತಿಳಿದಿತ್ತೇ ಎಂಬುದೇ ಇಲ್ಲಿನ ಮೂಲ ಪ್ರಶ್ನೆ.

2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ವಾಣಿಜ್ಯ ವೇದಿಕೆಗಳಿಗೆ ಸಲಹಾಪತ್ರ ಹೊರಡಿಸಿ, ಮೂರು ತಿಂಗಳೊಳಗೆ ಸ್ವಯಂ ಪರಿಶೋಧನೆ ನಡೆಸುವಂತೆ ಸೂಚಿಸಿತು. ಇದೇ ಪರೀಕ್ಷೆಯನ್ನು ಸಣ್ಣ ವ್ಯಾಪಾರಿಯೂ ಹೆಚ್ಚಿನ ವೆಚ್ಚವಿಲ್ಲದೆ ಮಾಡಬಹುದು. ಜಾಲತಾಣದ ಪರಿಚಯವಿಲ್ಲದ ಒಬ್ಬರನ್ನು ಕೂರಿಸಿ, ಒಂದು ವಸ್ತುವನ್ನು ಕೊಂಡು ಬಳಿಕ ರದ್ದುಪಡಿಸುವಂತೆ ಹೇಳಬೇಕು. ಮೊದಲು ಕಂಡ ಬೆಲೆಯೂ ಕೊನೆಯ ಮೊತ್ತವೂ ಹೊಂದುತ್ತವೆಯೇ, ಕೇಳದ ವಸ್ತು ಸೇರಿದೆಯೇ, ರದ್ದತಿಗೆ ಖರೀದಿಗಿಂತ ಹೆಚ್ಚು ಹಂತಗಳಿವೆಯೇ ಎಂಬುದನ್ನು ಗಮನಿಸಬೇಕು. ಜಾಲತಾಣವನ್ನು ಹೊರಗಿನವರಿಂದ ಮಾಡಿಸುವವರು ಈ ಅಂಶಗಳನ್ನು ಕರಾರುಪತ್ರದಲ್ಲಿಯೇ ಸೇರಿಸುವುದು ಒಳಿತು.

ಮೋಸದ ವಿನ್ಯಾಸದಿಂದ ಒಂದು ಮಾರಾಟ ಹೆಚ್ಚಬಹುದು. ಆದರೆ ಅದರ ಹಿಂದೆಯೇ ದೂರು, ಸರಕು ವಾಪಸಾತಿ ಮತ್ತು ಅಪನಂಬಿಕೆ ಬರುತ್ತವೆ. ಹೆಸರಿನ ಬಲದಿಂದಲೇ ಬದುಕುವ ಸಣ್ಣ ಉದ್ಯಮಕ್ಕೆ ಈ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.