ನಿಮಗಿದು ಗೊತ್ತೆ? ಕಿವಿಗೆ ನಿಲುಕದ ಗದ್ದಲವನ್ನೂ ಸೋಸಬೇಕು

ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತಡೆದು ಬಿಡುವ ಸ್ವಿಚಿಂಗ್ ಪವರ್ ಸಪ್ಲೈಗಳ ಗದ್ದಲವು ಸಾಮಾನ್ಯವಾಗಿ ಮನುಷ್ಯನ ಶ್ರವಣಮಿತಿಯಾದ 20 ಕಿಲೋಹರ್ಟ್ಸ್‌ಗಿಂತ ಮೇಲಿದ್ದರೂ, ಆಂಪ್ಲಿಫೈಯರಿನೊಳಗೆ ಸಂಗೀತದ ಸಂಕೇತದೊಡನೆ ಬೆರೆತು ಕಿವಿಗೆ ಕೇಳಿಸುವ ಕರಕರೆಯಾಗಿ ಮಾರ್ಪಡಬಲ್ಲದು. ಮನೆಯಲ್ಲೇ ಆಡಿಯೊ ಉಪಕರಣ ಕಟ್ಟುವವರು ಇದಕ್ಕೆ ಬಳಸುವ ಎಲ್‌ಸಿ ಫಿಲ್ಟರ್, ಅಂದರೆ ವೇಗದ ಏರಿಳಿತವನ್ನು ತಡೆಯುವ ತಂತಿಸುರುಳಿ ಮತ್ತು ಉಳಿದದ್ದನ್ನು ಗ್ರೌಂಡಿಗೆ ಇಳಿಸುವ ಕೆಪಾಸಿಟರ್‌ಗಳ ಜೋಡಿ, 100 ಮೈಕ್ರೊಹೆನ್ರಿ ಹಾಗೂ 1000 ಮೈಕ್ರೊಫ್ಯಾರಡ್ ಮೌಲ್ಯಗಳಿದ್ದಾಗ ಸುಮಾರು 500 ಹರ್ಟ್ಸ್ ದಾಟಿದ ಮೇಲೆ ಸೋಸತೊಡಗುತ್ತದೆ. ಲೆಕ್ಕದ ಪ್ರಕಾರ 100 ಕಿಲೋಹರ್ಟ್ಸ್‌ನಲ್ಲಿ ಗದ್ದಲವು 40,000ದಲ್ಲಿ ಒಂದು ಪಾಲಿಗೆ ಇಳಿಯಬೇಕಾದರೂ, ಕೆಪಾಸಿಟರಿನ ಒಳರೋಧವು ಅಷ್ಟು ಲಾಭವನ್ನು ದಕ್ಕಗೊಡುವುದಿಲ್ಲ. ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ‘ಕಾಮನ್ ಮೋಡ್’ ಗದ್ದಲವನ್ನಂತೂ ಈ ಜೋಡಿ ತಡೆಯಲಾರದು. ಅದಕ್ಕೆ ಒಂದೇ ಫೆರೈಟ್ ಉಂಗುರಕ್ಕೆ ಎರಡೂ ತಂತಿಗಳನ್ನು ಸುತ್ತಿದ ಚೋಕ್ ಬೇಕು.