ಕಾಲು ಸುತ್ತಿನ ಕೆಲಸ

ನಮ್ಮ ಹಳೇ ಮಾದರಿಯ ಕರಿ ಸೈಕಲ್ಲಿನ ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32. ಒಟ್ಟು 72. ಎರಡಕ್ಕೂ 36ರಂತೆ ಸಮನಾಗಿ ಹಂಚಬಹುದಿತ್ತು. ಹಾಗೆ ಹಂಚಿದ ಸೈಕಲ್ಲುಗಳೂ ಉಂಟು. ಆದರೆ ಬ್ರಿಟಿಷ್ ಮಾದರಿಯಲ್ಲಿ ಸವಾರನ ಭಾರ, ಕ್ಯಾರಿಯರಿನ ಮೂಟೆ, ತುಳಿತದ ಎಳೆತ ಎಲ್ಲವನ್ನೂ ಹೊರುವ ಹಿಂದಿನ ಗಾಲಿಗೇ ಹೆಚ್ಚು ಕೊಟ್ಟರು. ಇದನ್ನು ನನಗೆ ಎಣಿಸಿ ತೋರಿಸಿದವರು ಹಂಪಿ ಪಕ್ಕದ ಕಮಲಾಪುರದ ಒಬ್ಬ ಸೈಕಲ್ ಮೇಸ್ತ್ರಿ. ಅವರ ಅಂಗಡಿ ಮುಂದೆ ಕಳೆದ ಆ ಬೆಳಗು ಇನ್ನೂ ತಲೆಯಿಂದ ಇಳಿದಿಲ್ಲ.

ಬಾಡಿಗೆಗೆ ತಂದ ಸೈಕಲ್ಲಿನ ಹಿಂದಿನ ಗಾಲಿ ಕಲ್ಲಿಗೆ ಬಡಿದು ಬೆಂಡಾಗಿತ್ತು. ಪ್ರತಿ ಸುತ್ತಿಗೂ ಟಯರು ಫ್ರೇಮಿಗೆ ತಾಗಿ ಸರಕ್ ಎನ್ನುತ್ತಿತ್ತು. ರಿಮ್ಮೇ ಬದಲಾಯಿಸಬೇಕಾದೀತು ಅಂದುಕೊಂಡಿದ್ದೆ. ಮೇಸ್ತ್ರಿ ಏನೂ ಹೇಳದೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಗಾಲಿಯನ್ನು ಜೋರಾಗಿ ತಿರುಗಿಸಿಬಿಟ್ಟರು. ಒಂದು ಸೀಮೆಸುಣ್ಣದ ತುಂಡನ್ನು ಫ್ರೇಮಿಗೆ ಆನಿಸಿ ಹಿಡಿದು, ಮೆಲ್ಲಗೆ ರಿಮ್ಮಿನತ್ತ ಸರಿಸಿದರು. ರಿಮ್ಮು ಹೊರಕ್ಕೆ ಬಾಗಿದ್ದ ಕಡೆ ಮಾತ್ರ ಸುಣ್ಣ ತಗುಲಿ ನಾಲ್ಕು ಬೆರಳಗಲದ ಬಿಳಿ ಗೆರೆ ಮೂಡಿತು. ರೋಗ ಎಲ್ಲಿದೆ ಎಂದು ಗಾಲಿಯ ಕೈಯಲ್ಲೇ ಬರೆಸಿದರು.

ಆಮೇಲಿನದು ಕಡ್ಡಿ ಬಿಗಿಯುವ ಸ್ಪೋಕ್ ಕೀಯ ಕೆಲಸ. ಗೆರೆ ಬಲಕ್ಕೆ ಬಿದ್ದಿದ್ದರೆ, ಅಲ್ಲಿ ಗಾಲಿಯ ನಡುವಿನ ಹಬ್ಬಿನ ಎಡಗಡೆಯಿಂದ ಬಂದ ಕಡ್ಡಿಯನ್ನು ಬಿಗಿಯಬೇಕು, ಬಲಗಡೆಯದನ್ನು ಅಷ್ಟೇ ಸಡಿಲಿಸಬೇಕು. ಅಷ್ಟೇ ಎಂದರೆ ಕಡ್ಡಿಯನ್ನು ರಿಮ್ಮಿಗೆ ಹಿಡಿದಿಡುವ ನಿಪ್ಪಲಿಗೆ ಕಾಲು ಸುತ್ತು. ಒಮ್ಮೆಗೇ ಪೂರಾ ಸುತ್ತು ಕೊಟ್ಟರೆ ಬೆಂಡು ಹೋಗುವುದಿಲ್ಲ, ಆಚೆ ಬದಿಗೆ ಹೊರಳುತ್ತದೆ. ಕಾಲು ಸುತ್ತು, ಗಾಲಿ ತಿರುಗಿಸು, ಸುಣ್ಣ ಹಿಡಿ, ಮತ್ತೆ ಕಾಲು ಸುತ್ತು. ನಾಲ್ಕು ಬೆರಳಗಲದ ಗೆರೆ ಎರಡು ಬೆರಳಾಯಿತು, ಆಮೇಲೆ ಚುಕ್ಕೆಯಾಯಿತು. ಕೊನೆಗೆ ಸುಣ್ಣ ರಿಮ್ಮಿನ ಸುತ್ತಲೂ ಒಂದೇ ಸಮನೆ ಸವರಿಕೊಂಡು ಹೋಯಿತು. ಸರಕ್ ಎಂಬ ಸದ್ದು ನಿಂತಿತ್ತು.

ಕೊನೆಯಲ್ಲಿ ಅವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ಬಿಗಿ ಇದ್ದದ್ದು ಟಣ್ ಎಂದಿತು, ಸಡಿಲ ಇದ್ದದ್ದು ಮೊದ್ದು ದನಿ ಕೊಟ್ಟಿತು. ಮೊದಲು ಮುರಿಯುವುದು ಸಡಿಲ ಕಡ್ಡಿಯೇ ಎಂದರು. ಬಿಗಿದದ್ದು ತಾನೇ ಮುರಿಯಬೇಕು ಎಂದು ನಮಗನ್ನಿಸುತ್ತದೆ. ಅದು ಹಾಗಲ್ಲ. ಎತ್ತಿನಗಾಡಿಯ ಚಕ್ರದಲ್ಲಿ ಭಾರ ಕೆಳಗಿನ ದಪ್ಪ ಮರದ ಕಡ್ಡಿಗಳ ಮೇಲೆ ಕೂರುತ್ತದೆ. ಸೈಕಲ್ಲಿನ ತೆಳು ತಂತಿಗೆ ಒತ್ತಡ ತಾಳುವ ಶಕ್ತಿಯಿಲ್ಲ, ಎಳೆತಕ್ಕೆ ಮಾತ್ರ ಅದು ಗಟ್ಟಿ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಭಾರ ಬಿದ್ದಾಗ ಕೆಳಗೆ ಬಂದ ಕಡ್ಡಿಯ ಬಿಗಿ ಒಂದಿಷ್ಟು ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಬರುತ್ತದೆ. ಮೊದಲೇ ಸಡಿಲಾದದ್ದು ಪ್ರತಿ ಸುತ್ತಿಗೂ ಪೂರ್ತಿ ಜೋತು ಮತ್ತೆ ಸೆಟೆಯುತ್ತದೆ. ಹೀಗೆ ದಣಿದು ದಣಿದು ಹಬ್ಬಿನ ಹತ್ತಿರದ ಬಾಗಿನಲ್ಲಿ ತುಂಡಾಗುತ್ತದೆ. ಇಂಥ ಎಳೆತದ ಚಕ್ರವನ್ನು 1808ರಲ್ಲೇ ಚಿತ್ರಿಸಿದವನು ಇಂಗ್ಲೆಂಡಿನ ಜಾರ್ಜ್ ಕೇಲಿ, ಅದೂ ತನ್ನ ಕನಸಿನ ಹಾರುವ ಯಂತ್ರಕ್ಕೆಂದು. ಕಡ್ಡಿಗಳನ್ನು ಹಬ್ಬಿನಿಂದ ಓರೆಯಾಗಿ ಹೆಣೆಯುವ ವಿಧಾನಕ್ಕೆ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಕಮಲಾಪುರದಲ್ಲಿ ನಾನು ನೋಡಿದ್ದು ಅದೇ ಹೆಣಿಗೆ.

ಅಲ್ಲೇ ಕುಳಿತಿದ್ದಾಗ ಇನ್ನೊಂದು ಸೈಕಲ್ಲು ಬಂತು, ಪೆಡಲ್ ಬಿಚ್ಚಬೇಕಿತ್ತು. ಎಡದ ಪೆಡಲಿಗೆ ಉಲ್ಟಾ ಥ್ರೆಡ್ ಎಂಬುದು ಪಾನಾ ಹಿಡಿದ ಯಾರಿಗೂ ಗೊತ್ತು. ಯಾಕೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು, ತುಳಿಯುವಾಗ ಬೇರಿಂಗಿನ ತಿಕ್ಕಾಟ ಪೆಡಲನ್ನು ಬಿಗಿಯುತ್ತದೆ ಎಂದು. ಯೋಚಿಸಿ ನೋಡಿ, ಅದು ತದ್ವಿರುದ್ಧ. ಬಲಗಡೆ ಕ್ರ್ಯಾಂಕು ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಪಾದದ ಕೆಳಗಿನ ಪೆಡಲ್ ಮಾತ್ರ ಮಟ್ಟಸವಾಗಿಯೇ ಇರುತ್ತದೆ. ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಪೆಡಲ್ ಹಿಂದಕ್ಕೆ ತಿರುಗುತ್ತಿದೆ. ಬೇರಿಂಗ್ ತಿಕ್ಕಿದರೆ ಅಚ್ಚು ಸಡಿಲಾಗಬೇಕೇ ಹೊರತು ಬಿಗಿಯಾಗಬಾರದು. ಪೆಡಲನ್ನು ಬಿಗಿಯುವುದು ಬೇರೊಂದು ಸೂಕ್ಷ್ಮ ಚಲನೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರ ತುದಿಯನ್ನು ಇನ್ನೊಂದು ಕೈಯಿಂದ ವೃತ್ತಾಕಾರವಾಗಿ ಸುತ್ತಿಸಿ. ಪೆನ್ಸಿಲ್ ಮುಷ್ಟಿಯೊಳಗೆ ಎದುರು ದಿಕ್ಕಿಗೆ ಉರುಳುವುದು ಕೈಗೇ ತಿಳಿಯುತ್ತದೆ. ಎಷ್ಟು ಬಿಗಿದರೂ ಕೂದಲೆಳೆಯಷ್ಟು ಸಂದು ಉಳಿದಿರುವ ಥ್ರೆಡ್ಡಿನಲ್ಲಿ, ಸವಾರನ ಭಾರದಡಿ ಪೆಡಲಿನ ಅಚ್ಚು ಹೀಗೆಯೇ ಉರುಳುತ್ತದೆ. ಆ ಉರುಳಿಕೆ ಬೇರಿಂಗಿನ ತಿಕ್ಕಾಟಕ್ಕಿಂತ ಬಲವಾದದ್ದು. ಎಡಕ್ಕೆ ಉಲ್ಟಾ ಥ್ರೆಡ್ ಇರುವುದು ಆ ಉರುಳಿಕೆಯನ್ನು ಬಿಗಿತದ ಕಡೆಗೆ ತಿರುಗಿಸಲು. ಇದು ಗೊತ್ತಾದ ಮೇಲೆ ಪೆಡಲ್ ಬಿಚ್ಚುವ ಕೆಲಸವೇ ನನಗೆ ಹಬ್ಬವಾಗಿದೆ.

ಸಣ್ಣ ರಿಪೇರಿಯಲ್ಲಿ ಸಿಗುವ ಸುಖವನ್ನು ಉಳಿತಾಯದ ಲೆಕ್ಕದಲ್ಲಿ ಹೇಳುವವರಿದ್ದಾರೆ, ಧ್ಯಾನ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಮುಗಿಯಿತು ಎಂಬುದನ್ನು ಇಲ್ಲಿ ಕೆಲಸವೇ ಹೇಳುತ್ತದೆ. ಯಾರ ಮೆಚ್ಚುಗೆಯೂ ಬೇಕಿಲ್ಲ, ಸಹಿಯೂ ಬೇಕಿಲ್ಲ. ತೊಟ್ಟಿಕ್ಕುವ ನಲ್ಲಿಯೂ ಅಂಥದ್ದೇ. ಟ್ಯಾಂಕಿನ ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಒಳಗೆ ಸವೆದು ಚಪ್ಪಟೆಯಾದ ರಬ್ಬರ್ ವಾಶರ್ ತೆಗೆದು ಹೊಸದು ಕೂರಿಸಿದರೆ ಸರಿ, ಹನಿ ನಿಲ್ಲುತ್ತದೆ. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಸವರಿದಾಗ ಅದರಲ್ಲಿನ ಟಾರ್ಟಾರಿಕ್ ಆಮ್ಲ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ, ಬೆರಳು ಹೋದ ದಾರಿಯಲ್ಲೇ ಬಂಗಾರದ ಬಣ್ಣ ಏಳುತ್ತದೆ.

ಹಾಗೆಂದು ಮನೆಗೆಲಸವೆಲ್ಲ ಸುಖ ಎಂದು ನಾನು ಬರೆಯಲಾರೆ. ನಲ್ಲಿ ರಿಪೇರಿ ವರ್ಷಕ್ಕೊಮ್ಮೆ ಬರುತ್ತದೆ, ಮುಸುರೆ ದಿನಕ್ಕೆರಡು ಸಲ ಬಂದು ಬೀಳುತ್ತದೆ. ಅದಕ್ಕೆ ಕೊನೆ ಎಂಬುದೇ ಇಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಕೊನೆಯಿರುವ ಕೆಲಸಗಳನ್ನು ಗಂಡಸರು ಆರಿಸಿಕೊಂಡು, ಕೊನೆಯಿಲ್ಲದವನ್ನು ಹೆಂಗಸರಿಗೆ ಬಿಟ್ಟ ಮನೆಗಳೇ ನನ್ನ ಸುತ್ತ ಹೆಚ್ಚು. ಸ್ಪೋಕ್ ಕೀ ಹೆಂಗಸರ ಕೈಗೂ ಹೋಗಬೇಕು, ಸ್ಕ್ರಬ್ಬರು ಗಂಡಸರ ಕೈಗೂ ಬರಬೇಕು. ಅದು ಶಾಲೆಯಲ್ಲೇ ಶುರುವಾಗಬಹುದಿತ್ತು.

ಕರ್ನಾಟಕದಲ್ಲಿ 2006–07ರಿಂದ ಸರ್ಕಾರಿ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದರು. ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ನೋಟದಷ್ಟು ಖುಷಿ ಕೊಟ್ಟ ಯೋಜನೆ ಬೇರೆ ನೆನಪಾಗುವುದಿಲ್ಲ. ಆದರೆ ಬರೀ ಪಂಕ್ಚರಿಗೆ ಸೋತು ಗೋಡೆಗೆ ಒರಗಿ ತುಕ್ಕು ಹಿಡಿದ ಸೈಕಲ್ಲುಗಳನ್ನೂ ಕಂಡಿದ್ದೇನೆ. ಶಾಲೆಯ ಒಂದು ಪೀರಿಯಡ್ಡು ಸಾಕಿತ್ತು ಪಂಕ್ಚರ್ ಹಾಕುವುದನ್ನು ಕಲಿಸಲು. ಬಕೆಟ್ ನೀರಿನಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಏಳುವ ಜಾಗ ಗುರುತು ಮಾಡಿ, ಒರೆಸಿ, ಉಪ್ಪುಕಾಗದದಿಂದ ಉಜ್ಜಿ ಸೊಲ್ಯೂಷನ್ ಹಚ್ಚಬೇಕು. ಎಲ್ಲರೂ ಅವಸರ ಮಾಡುವುದು ಇಲ್ಲೇ. ಸೊಲ್ಯೂಷನ್ ಹಸಿಯಿದ್ದಾಗ ಪ್ಯಾಚ್ ಅಂಟಿಸಿದರೆ ನಿಲ್ಲುವುದಿಲ್ಲ, ಅದರ ಹೊಳಪು ಆರಿ ಬೆರಳಿಗೆ ಅಂಟದ ಹದಕ್ಕೆ ಬರುವವರೆಗೆ ಕಾಯಬೇಕು. ಬಳ್ಳಾರಿ ಜಾಲಿ ಬೆಳೆದ ಕಡೆಯಲ್ಲಂತೂ ಟ್ಯೂಬ್ ಒಳಗೆ ಸೇರಿಸುವ ಮೊದಲು ಟಯರಿನ ಒಳಮೈಯನ್ನು ಪೂರ್ತಿ ಬೆರಳಿನಿಂದ ಸವರಿ ನೋಡಬೇಕು. ಮುಳ್ಳಿನ ತುದಿ ಮುರಿದು ಅಲ್ಲೇ ಉಳಿದಿದ್ದರೆ ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಅದೇ ಜಾಗಕ್ಕೆ ಮತ್ತೆ ಚುಚ್ಚುತ್ತದೆ.